ಮಾತನಾಡುವ ಮೃಗಕ್ಕೆ ಊಟವೇನು?

ಸಿಡ್ನಿಯ ಕೊಆಲಾ ಜಪಾನನ್ನು ಮುಟ್ಟುವ ಮೊದಲೇ ಅದರ ಚಿತ್ರ ಅಲ್ಲಿಯ ಮಕ್ಕಳ ಮನೆಗಳನ್ನು ಹೊಕ್ಕಿತ್ತು! ಜಪಾನಿನ ಬಿಳಿಯ ಸಿಂಹ ಮೆಲ್ಬರ್ನಿನ ಚಿತ್ರಶಾಲೆಯ ಗೋಡೆಯೇರಿತು! ಈಗ ಹಸಿವನ್ನು ನುಂಗಿಕೊಂಡ ತೋಳವೊಂದು ಶಾಲೆಯ ಸಮವಸ್ತ್ರ ತೊಟ್ಟು ತೆರೆಯ ಮೇಲೆ ನಿಂತಿದೆ. ಪ್ರಾಣಿಗೆ ಮಾತು ಕೊಟ್ಟ ಕಥೆಗಾರರಿಗೆ ಲೆಕ್ಕವಿಲ್ಲ; ಹೊಟ್ಟೆ ಕೊಟ್ಟವರು ಎಷ್ಟು ಮಂದಿ?

1984ರ ಅಕ್ಟೋಬರ್ 25ರಂದು ಆಸ್ಟ್ರೇಲಿಯದಿಂದ ಹಾರಿಬಂದ ಆರು ಕೊಆಲಾಗಳು ಜಪಾನಿನ ನೆಲದ ಮೇಲೆ ಇಳಿದುವು. ಎರಡು ಟೋಕಿಯೋದ ತಾಮಾ ಮೃಗಾಲಯಕ್ಕೆ, ಎರಡು ನಗೋಯದ ಹಿಗಾಶಿಯಾಮಾ ಮೃಗಾಲಯಕ್ಕೆ, ಮಿಕ್ಕೆರಡು ದಕ್ಷಿಣದ ಕಾಗೋಶಿಮಾದ ಹಿರಾಕಾವಾ ಮೃಗಾಲಯಕ್ಕೆ ಹೋದುವು. ನೋಡಲು ಜನ ಸಾಲುಗಟ್ಟಿ ನಿಂತರು. ದಿನಕ್ಕೆ ಇಪ್ಪತ್ತು ಗಂಟೆಯ ಪರ್ಯಂತ ನಿದ್ರಿಸಬಲ್ಲ ಆ ಅತಿಥಿಗಳಾದರೋ, ಬಂದ ಊರು ಯಾವುದು, ನೆರೆದ ಜನ ಯಾರು ಎಂಬುದೊಂದನ್ನೂ ವಿಚಾರಿಸದೆ, ಕೊಂಬೆಯ ಕವಲಿಗೆ ಬೆನ್ನೊರಗಿಸಿ ಕಣ್ಣು ಮುಚ್ಚಿದುವು.

ನಗೋಯಕ್ಕೆ ಹೋದ ಜೋಡಿ ಸಿಡ್ನಿಯ ಟರೋಂಗಾ ಮೃಗಾಲಯದ್ದು. ಆ ಎರಡು ನಗರಗಳು 1980ರಲ್ಲಿ ಸೋದರಿ ನಗರಗಳೆಂದು ಒಡಂಬಡಿಕೆ ಮಾಡಿಕೊಂಡಿದ್ದುವಾದುದರಿಂದ, ಈ ಪ್ರಯಾಣಕ್ಕೆ ತವರಿನ ಉಡುಗೊರೆಯ ಕಳೆಯಿತ್ತು. ಆದರೆ ಉಡುಗೊರೆಯನ್ನು ಸ್ವೀಕರಿಸುವವರ ಮುಂದೆ ಮೊದಲು ನಿಂತ ಪ್ರಶ್ನೆ ಗೂಡಿನದಲ್ಲ, ಹವೆಯದಲ್ಲ, ಊಟದ್ದು.

ನೀಲಗಿರಿ ಜಾತಿಯ ಮರಗಳಲ್ಲಿ ಆರುನೂರಕ್ಕೂ ಮಿಕ್ಕಿ ಪ್ರಭೇದಗಳಿದ್ದರೂ ಕೊಆಲಾ ಮೂಸಿ ನೋಡಿ ಬಾಯಿಗಿಡುವುದು ಅವುಗಳಲ್ಲಿ ಕೆಲವೇ ಕೆಲವನ್ನು. ಅದರಲ್ಲಿಯೂ ಇಂದು ಒಪ್ಪಿದ ಎಲೆಯನ್ನು ನಾಳೆ ತಿರಸ್ಕರಿಸುವ ಸ್ವಾತಂತ್ರ್ಯವನ್ನು ಅದು ತನ್ನಲ್ಲಿಯೇ ಇಟ್ಟುಕೊಂಡಿರುತ್ತದೆ. ಆದಕಾರಣ ಅತಿಥಿಗಳು ಬರುವುದಕ್ಕೆ ಬಹಳ ಮುಂಚಿತವಾಗಿಯೇ ಜಪಾನಿನ ಮೃಗಾಲಯಗಳು ನೀಲಗಿರಿಯ ಸಸಿಗಳನ್ನು ನೆಟ್ಟು, ಬೆಳೆಸಿ, ಅಡುಗೆ ಸಿದ್ಧವಾಗಿರುವಂತೆ ನೋಡಿಕೊಳ್ಳಬೇಕಾಯಿತು.

ವಿಚಿತ್ರವೆಂದರೆ, ಆ ಹೊತ್ತಿಗೆ ಜಪಾನಿನ ಮಕ್ಕಳಿಗೆ ಕೊಆಲಾ ಹಳೆಯ ಸ್ನೇಹಿತನಾಗಿತ್ತು. ಆ ವರ್ಷದ ಜುಲೈ 7ರಿಂದಲೇ ಫುಜಿ ಟಿವಿಯಲ್ಲಿ ನಿಪ್ಪಾನ್ ಆನಿಮೇಷನ್ ಸಂಸ್ಥೆಯ ‘ಫುಶಿಗಿ ನ ಕೊಆಲಾ ಬ್ಲಿಂಕಿ’ ನಡೆಯುತ್ತಿತ್ತು. ಅಕ್ಟೋಬರ್ 4ರಂದು, ಅಂದರೆ ನಿಜವಾದ ಕೊಆಲಾಗಳು ಬಂದಿಳಿಯುವುದಕ್ಕೆ ಮೂರು ವಾರ ಮೊದಲು, ಟಿವಿ ಟೋಕಿಯೋದಲ್ಲಿ ‘ಕೊಆಲಾ ಬಾಯ್ ಕೊಕ್ಕಿ’ ಆರಂಭವಾಯಿತು. ಎರಡೂ ಇಪ್ಪತ್ತಾರು ಇಪ್ಪತ್ತಾರು ಕಂತುಗಳ ಧಾರಾವಾಹಿಗಳು. ಲೊಟ್ಟೆ ಕಂಪನಿಯ ಕೊಆಲಾ ಮುಖದ ಚಾಕೊಲೇಟ್ ಬಿಸ್ಕತ್ತಂತೂ ಮಾರ್ಚಿಯಲ್ಲಿಯೇ ಅಂಗಡಿಗೆ ಬಂದಿತ್ತು. ಪ್ರಾಣಿಗಿಂತ ಮೊದಲು ಅದರ ಚಿತ್ರ, ಚಿತ್ರಕ್ಕಿಂತ ಮೊದಲು ಅದರ ಬಿಸ್ಕತ್ತು! ವ್ಯಾಪಾರದ ಕಾಲಗಣನೆ ಹೀಗೆಯೇ ಇರುತ್ತದೆ.

ನಿದ್ರೆಯನ್ನು ಕದ್ದ ಕಥೆ

ಕೊಕ್ಕಿಯ ಕಥೆಗೆ ದೊಡ್ಡ ಹೂರಣವೇನೂ ಇಲ್ಲ. ಬೆಟ್ಟವೊಂದರ ನೆರಳಿನ ಹಳ್ಳಿ. ಅಲ್ಲಿ ಅಂಗಿ ತೊಟ್ಟು ಎರಡು ಕಾಲಿನ ಮೇಲೆ ನಡೆಯುವ ಕೊಆಲಾ ಹುಡುಗ, ಅವನ ತಂಗಿ, ತುಂಟರಾದ ಕಾಂಗರೂ ಸೋದರರು, ಒಂದು ಪೆಂಗ್ವಿನ್, ಮೊಲಗಳು. ದಿನಕ್ಕೊಂದು ಸಣ್ಣ ಜಗಳ, ಸಣ್ಣ ಭಯ, ಸಣ್ಣ ರಾಜಿ.

ಆದರೆ ಕುಶಲತೆಯ ದೃಷ್ಟಿಯಿಂದ ನೋಡುವವನಿಗೆ ಇಲ್ಲಿ ಒಂದು ಕೌತುಕವುಂಟು. ನಾಯಕನನ್ನಾಗಿ ಆರಿಸಿಕೊಂಡದ್ದು ಇಪ್ಪತ್ತು ಗಂಟೆ ಮಲಗುವ ಪ್ರಾಣಿಯನ್ನು. ಕಥೆಗೆ ಬೇಕಾದದ್ದು ಮುಂಜಾನೆಯಿಂದ ಸಂಜೆಯವರೆಗೆ ಓಡುವ ಹುಡುಗನನ್ನು. ಕಥೆಗಾರನು ಮೊತ್ತಮೊದಲು ಮಾಡಿದ ಕೆಲಸ ಕೊಆಲಾದ ನಿದ್ರೆಯನ್ನು ಅಪಹರಿಸುವುದು. ಅನಂತರ ಅದರ ಧ್ವನಿಯನ್ನು ಕಸಿದುಕೊಂಡನು. ಸೆಪ್ಟೆಂಬರಿನಿಂದಾಚೆ, ಅಲ್ಲಿಯ ವಸಂತದಲ್ಲಿ, ಸಂಗಾತಿಯನ್ನು ಕರೆಯುವ ಗಂಡು ಕೊಆಲಾದ ರಾತ್ರಿಯ ಕೂಗನ್ನು ಕೇಳಿದವರು, ಹಂದಿಯ ಗುಟುರೂ ಗೂಳಿಯ ಬುಸುಗುಟ್ಟುವಿಕೆಯೂ ಕಲೆತ ಆ ಶಬ್ದ ಇಷ್ಟು ಸಣ್ಣ ದೇಹದಿಂದ ಹೊರಟಿತೆಂದರೆ ಸುಲಭವಾಗಿ ನಂಬಲಾರರು. ಕೊಕ್ಕಿಗೆ ಸಿಕ್ಕಿದ್ದು ಮಗುವಿನ ಇಂಪಾದ ಕಂಠ.

ಉಳಿಸಿಕೊಂಡದ್ದು ಏನನ್ನು? ರೂಪವನ್ನು. ನೆಟ್ಟಗೆ ಕೂಡುವ ಭಂಗಿ, ಮುಂದಕ್ಕೆ ನೋಡುವ ಕಣ್ಣುಗಳು, ಬಾಲವಿಲ್ಲದ ದುಂಡು ದೇಹ, ಮುಖದ ನಡುವಣ ದೊಡ್ಡ ಮೂಗು, ಪ್ರತಿಯೊಂದು ಮುಂಗೈಯಲ್ಲಿಯೂ ಎರಡೆರಡು ಹೆಬ್ಬೆರಳಿನಂಥ ಬೆರಳು, ಆ ಬೆರಳ ತುದಿಯಲ್ಲಿ ಮನುಷ್ಯನ ಬೆರಳಚ್ಚನ್ನು ಬಹುಮಟ್ಟಿಗೆ ಹೋಲುವ ಗೆರೆಗಳು. ಪ್ರಕೃತಿಯೇ ಅರ್ಧ ಕೆಲಸವನ್ನು ಮುಗಿಸಿಟ್ಟಿತ್ತು. ಚಿತ್ರಕಾರನು ಅಂಗಿ ತೊಡಿಸಿದನು, ಅಷ್ಟೆ.

ಕೊಕ್ಕಿಯನ್ನು ಬರೆದ ಕೈಗಳು ಸಾಮಾನ್ಯದವಲ್ಲ. ಅದೇ 1984ರ ಮಾರ್ಚಿಯಲ್ಲಿ ಹಯಾವೊ ಮಿಯಾಝಾಕಿ ಅವರ ‘ನೌಸಿಕಾ’ ಚಲನಚಿತ್ರವನ್ನು ಚಿತ್ರಿಸಿದ ಟಾಪ್‌ಕ್ರಾಫ್ಟ್ ಎಂಬ ಶಾಲೆಯ ಕೈಗಳು ಅವು. ಮರುವರ್ಷ ಸ್ಟುಡಿಯೋ ಜಿಬ್ಲಿ ಹುಟ್ಟಿದ್ದು ಆ ಶಾಲೆ ಮುಚ್ಚಿದ ಜಾಗದಲ್ಲಿ. ಆದರೆ ಚಲನಚಿತ್ರದ ಹಣ ಟೆಲಿವಿಷನ್ನಿಗೆ ಇರುವುದಿಲ್ಲ. ತೆರೆಯ ಮೇಲೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು ಓಡುತ್ತವೆಯಾದರೂ, ಒಂದು ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ಹಿಡಿದು ನಿಲ್ಲಿಸಿ ಎಂಟೇ ಚಿತ್ರಗಳಲ್ಲಿ ಸೆಕೆಂಡನ್ನು ದಾಟಿಸುವುದು, ಮುಖವನ್ನೆಲ್ಲ ಕದಲಿಸದೆ ಬಾಯನ್ನು ಮಾತ್ರ ಮುಚ್ಚಿದ, ಅರೆತೆರೆದ, ತೆರೆದ ಮೂರು ಅವಸ್ಥೆಗಳಲ್ಲಿ ಬದಲಿಸಿ ಸಂಭಾಷಣೆಯನ್ನು ಮುಗಿಸುವುದು, ಓಡುವವನನ್ನು ನಿಂತಲ್ಲಿಯೇ ಓಡಿಸಿ ಹಿಂದಿನ ಬೆಟ್ಟವನ್ನು ಎಳೆಯುವುದು, ಇವೆಲ್ಲ ಜಪಾನಿನ ಟೆಲಿವಿಷನ್ ಚಿತ್ರಕಾರರು ಬಡತನದಿಂದ ಕಲಿತ ವಿದ್ಯೆಗಳು. ಮಿತವ್ಯಯದ ಈ ವಿದ್ಯೆ ಕೊಆಲಾದಂಥ ಆಲಸಿ ಪ್ರಾಣಿಗೆ ಸೊಗಸಾಗಿ ಒಪ್ಪಿತೆಂಬುದು ನನ್ನ ಅಭಿಪ್ರಾಯ.

ಬಾಕ್ಸ್: ಹಳ್ಳಿಯ ಹಿಂದಿನ ಬಂಡೆ
ಕೊಕ್ಕಿಯ ಹಳ್ಳಿ ಕಲ್ಪಿತ. ಅದರ ಹಿಂದೆ ನಿಂತ ಶಿಖರ ಕಲ್ಪಿತವಲ್ಲ. ಸಿಡ್ನಿಯಿರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನಲ್ಲಿ, ಕೂನಬರಾಬ್ರನ್ ಊರಿನ ಸಮೀಪದ ವಾರಂಬಂಗಲ್ ರಾಷ್ಟ್ರೀಯ ಉದ್ಯಾನದಲ್ಲಿ ‘ಬ್ರೆಡ್‌ನೈಫ್’ ಎಂಬ ಬಂಡೆಯಿದೆ. ಹಳೆಯ ಜ್ವಾಲಾಮುಖಿಯ ಬಿರುಕಿನಲ್ಲಿ ಗಟ್ಟಿಯಾದ ಶಿಲಾರಸ, ಸುತ್ತಲಿನ ಮೆತುಕಲ್ಲು ಸವೆದುಹೋದ ಮೇಲೆ, ಸುಮಾರು 90 ಮೀಟರ್ ಎತ್ತರದ ತೆಳುಗೋಡೆಯಾಗಿ ಉಳಿದಿದೆ. ಅಂಥ ಒಳನಾಡಿನಲ್ಲಿ ಪೆಂಗ್ವಿನ್ ಎಲ್ಲಿಂದ ಬಂದಿತೆಂದು ಕೇಳಬಾರದು. ಪೆಂಗ್ವಿನ್ ಬೇಕಾದವರು ಮೆಲ್ಬರ್ನಿನ ಸೇಂಟ್ ಕಿಲ್ಡಾ ಬಂದರುಕಟ್ಟೆಯ ಬಂಡೆಗಳಿಗೆ ಹೋಗಬೇಕು. ನಗರದ ದೀಪಗಳೆದುರಿಗೇ ಪುಟ್ಟ ಪೆಂಗ್ವಿನ್‌ಗಳ ವಸತಿಯೊಂದು ಅಲ್ಲಿದೆ.

ಸಿಡ್ನಿಯ ಪೋಲಿ ಕೊಆಲಾ

ಜಪಾನಿನವರು ಕೊಆಲಾವನ್ನು ದೂರದಿಂದ ಕಂಡು ಮೋಹಿಸಿದರೆ, ಸಿಡ್ನಿಯವರಿಗೆ ಅದರ ವಿಷಯದಲ್ಲಿ ಅಪರಾಧಪ್ರಜ್ಞೆಯೂ ಇತ್ತು. ತುಪ್ಪಳಕ್ಕಾಗಿ ಅದನ್ನು ಲಕ್ಷಗಟ್ಟಲೆ ಕೊಂದ ಇತಿಹಾಸ ಆಸ್ಟ್ರೇಲಿಯದ್ದು. ಕ್ವೀನ್ಸ್‌ಲೆಂಡಿನಲ್ಲಿ 1927ರ ಆಗಸ್ಟ್ ತಿಂಗಳೊಂದರ ಬೇಟೆ ‘ಕರಾಳ ಆಗಸ್ಟ್’ ಎಂದೇ ಹೆಸರಾಯಿತು. ಅದಾದ ಆರು ವರ್ಷಕ್ಕೆ, 1933ರಲ್ಲಿ, ಡೊರೊಥಿ ವಾಲ್ ಎಂಬ ಚಿತ್ರಕಾರ್ತಿ ಬರೆದ ‘ಬ್ಲಿಂಕಿ ಬಿಲ್’ ಎಂಬ ತುಂಟ ಕೊಆಲಾ ಮರಿಯ ಪುಸ್ತಕದಲ್ಲಿ, ಮರಿಯ ತಂದೆ ಮನುಷ್ಯನ ಗುಂಡಿಗೆ ಸಾಯುತ್ತಾನೆ. ಮಕ್ಕಳ ಪುಸ್ತಕವೆಂದು ಆಕೆ ಅದನ್ನು ಮರೆಮಾಡಲಿಲ್ಲ.

ಸಿಡ್ನಿಯಲ್ಲಿ ಈ ಬ್ಲಿಂಕಿ ಬಿಲ್‌ಗೆ ಚಲನೆ ಕೊಟ್ಟವರು ಯೋರಾಂ ಗ್ರಾಸ್. 1926ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಟ್ಸಿಗಳ ಕೈಗೆ ಸಿಗದೆ ಅಡಗುತಾಣದಿಂದ ಅಡಗುತಾಣಕ್ಕೆ ಸರಿಯುತ್ತ ಬಾಲ್ಯವನ್ನು ಕಳೆದು, ಇಸ್ರೇಲಿನಲ್ಲಿ ಕೆಲಕಾಲವಿದ್ದು, 1968ರಲ್ಲಿ ಪತ್ನಿ ಸಾಂಡ್ರಾರೊಡನೆ ಸಿಡ್ನಿಗೆ ಬಂದ ಈ ಮನುಷ್ಯ, ಆ ದೇಶದ ಆನಿಮೇಷನ್ ಕಲೆಗೆ ತಳಹದಿ ಹಾಕಿದವರಲ್ಲಿ ಒಬ್ಬರು. 1977ರ ಅವರ ‘ಡಾಟ್ ಅಂಡ್ ದ ಕಾಂಗರೂ’ ಚಿತ್ರದಲ್ಲಿ ಕಾಡು ನಿಜವಾದ ಕಾಡು, ಕ್ಯಾಮೆರಾ ಕಂಡ ಬಂಡೆ, ತೊರೆ, ಮರ. ಅದರ ಮೇಲೆ ನಡೆಯುವ ಹುಡುಗಿ ಮತ್ತು ಕಾಂಗರೂ ಮಾತ್ರ ಬರೆದ ಚಿತ್ರಗಳು. ದಾರಿ ತಪ್ಪಿದ ಹುಡುಗಿಗೆ ಕಾಂಗರೂ ಒಂದು ಕಾಡುತಿನಿಸನ್ನು ಕೊಡುತ್ತದೆ. ತಿಂದೊಡನೆ ಅವಳಿಗೆ ಪ್ರಾಣಿಗಳ ಮಾತು ತಿಳಿಯುತ್ತದೆ. ಎತೆಲ್ ಪೆಡ್ಲಿಯ 1899ರ ಪುಸ್ತಕದಿಂದ ಬಂದ ಈ ಕಲ್ಪನೆಯಲ್ಲಿ ಒಂದು ನ್ಯಾಯವಿದೆ: ಇಲ್ಲಿ ಪ್ರಾಣಿ ಮನುಷ್ಯನ ಮಾತನ್ನು ಕಲಿಯುವುದಿಲ್ಲ, ಕಲಿಯುವ ಶ್ರಮ ಮನುಷ್ಯನದು.

1992ರಲ್ಲಿ ಗ್ರಾಸ್ ಅವರ ‘ಬ್ಲಿಂಕಿ ಬಿಲ್’ ತೆರೆಗೆ ಬಂದಿತು. ಮರುವರ್ಷದಿಂದ ಟೆಲಿವಿಷನ್ ಧಾರಾವಾಹಿ. ಬಂದೂಕಿನ ಜಾಗದಲ್ಲಿ ಈಗ ಗರಗಸ. ಮರ ಕಡಿಯುವವರು ಬಂದು ಬ್ಲಿಂಕಿಯ ಕಾಡನ್ನು ನೆಲಸಮ ಮಾಡುವಲ್ಲಿ ಕಥೆ ತೊಡಗುತ್ತದೆ. ಗೆಳತಿ ನಟ್ಸಿಯನ್ನು ಮರದ ಕಾರ್ಖಾನೆಯಿಂದ ಬಿಡಿಸಿ ತರುವುದು ಅವನ ಸಾಹಸ. ಮನೆ ಕಳೆದುಕೊಂಡ ಮರಿ, ಕಾಣೆಯಾದ ತಾಯಿ, ಬಚ್ಚಿಟ್ಟುಕೊಳ್ಳಲು ಒಂದು ಎಡೆ: ಗ್ರಾಸ್ ಅವರ ಚಿತ್ರಗಳಲ್ಲಿ ಇವು ಮತ್ತೆ ಮತ್ತೆ ಬರುವುದನ್ನು ಕಂಡವರಿಗೆ ಕ್ರಾಕೋವಿನ ಹುಡುಗ ನೆನಪಾಗದಿರನು. ಕೊಕ್ಕಿಗಿಂತ ಬ್ಲಿಂಕಿ ಕುಂಚದಲ್ಲಿ ಒರಟು. ಆದರೆ ಅವನಿಗೆ ಮರ ಬೇಕು, ಮರದ ಎಲೆ ಬೇಕು, ಅದಿಲ್ಲದಿದ್ದರೆ ಅವನು ಸಾಯುವನು ಎಂಬುದನ್ನು ಆ ಚಿತ್ರ ಒಂದು ಗಳಿಗೆಯೂ ಮರೆಯಲಿಲ್ಲ. ನ್ಯೂ ಸೌತ್ ವೇಲ್ಸಿನ ಕೊಆಲಾ 2022ರ ಫೆಬ್ರವರಿಯಲ್ಲಿ ಅಪಾಯದಂಚಿನ ಪ್ರಾಣಿಗಳ ಪಟ್ಟಿಗೆ ಸೇರಿದಾಗ ಕೊಟ್ಟ ಕಾರಣಗಳಲ್ಲಿ ಕಾಡಿನ ನಾಶವೂ ಒಂದು.

ಎರಡು ಸಿಂಹಗಳು

ಸಿಡ್ನಿಯಲ್ಲಿ ಇನ್ನೊಂದು ಚಿತ್ರಶಾಲೆಯೂ ಇತ್ತು. ಅಮೆರಿಕದ ಡಿಸ್ನಿ ಸಂಸ್ಥೆ 1980ರ ದಶಕದ ಕೊನೆಯಿಂದ 2006ರವರೆಗೆ ಅಲ್ಲಿ ನಡೆಸಿದ ಶಾಖೆಯಲ್ಲಿ, ಪ್ರಸಿದ್ಧ ‘ಲಯನ್ ಕಿಂಗ್’ ಕಥೆಯ 1998ರ ಉತ್ತರಭಾಗ ತಯಾರಾಯಿತು. ಸಿಂಬನ ಮಗಳ ಪ್ರೇಮಕಥೆಗೆ ಗೆರೆಯೆಳೆದವರು ಸಿಡ್ನಿಯ ಕಲಾವಿದರು.

ಅತ್ತ ಮೆಲ್ಬರ್ನಿನಲ್ಲಿ, ಸೇಂಟ್ ಕಿಲ್ಡಾ ರಸ್ತೆಯ ರಾಷ್ಟ್ರೀಯ ಚಿತ್ರಶಾಲೆಯಲ್ಲಿ, 2006ರ ನವೆಂಬರಿನಿಂದ 2007ರ ಜನವರಿಯವರೆಗೆ ಬೇರೊಂದು ಸಿಂಹದ ದರ್ಶನವಾಯಿತು. ಬಾಗಿಲಲ್ಲಿ ಗಾಜಿನ ಮೇಲೆ ಹರಿಯುವ ನೀರಗೋಡೆಯ ಆ ಕಟ್ಟಡದೊಳಗೆ, ಮೆಲ್ಬರ್ನಿನವರೇ ಆದ ಫಿಲಿಪ್ ಬ್ರೋಫಿ ಅಣಿಗೊಳಿಸಿದ ‘ತೆಜುಕಾ: ದ ಮಾರ್ವೆಲ್ ಆಫ್ ಮಾಂಗಾ’ ಎಂಬ ಪ್ರದರ್ಶನದಲ್ಲಿ, ವೈದ್ಯವಿದ್ಯೆ ಕಲಿತು ಚಿತ್ರಕಥೆಗಾರನಾದ ಒಸಾಮು ತೆಜುಕಾ ಅವರ ಮೂಲ ಹಾಳೆಗಳು ಗೋಡೆಗೆ ಬಂದುವು. ಮಕ್ಕಳ ಪತ್ರಿಕೆಯ ಹಾಳೆ ಮಹಾಚಿತ್ರಗಳ ಮನೆಯಲ್ಲಿ ಚೌಕಟ್ಟು ಪಡೆದ ಆ ಸಂದರ್ಭ ಆಸ್ಟ್ರೇಲಿಯದಲ್ಲಿ ಈ ಕಲೆಗೆ ದೊರೆತ ಮರ್ಯಾದೆಗಳಲ್ಲಿ ದೊಡ್ಡದು.

ತೆಜುಕಾ ಅವರ ‘ಜಂಗುರು ತಾಯ್ತೇ’ 1950ರಿಂದ 1954ರವರೆಗೆ ಮಾಸಪತ್ರಿಕೆಯಲ್ಲಿ ಬಂದ ಚಿತ್ರಕಥೆ. 1965ರ ಅಕ್ಟೋಬರಿನಿಂದ 52 ಕಂತುಗಳ ಟೆಲಿವಿಷನ್ ಧಾರಾವಾಹಿ, ಜಪಾನಿನ ಮೊದಮೊದಲ ವರ್ಣ ಆನಿಮೇಷನ್ ಧಾರಾವಾಹಿಗಳಲ್ಲಿ ಒಂದು. ಅಮೆರಿಕದಲ್ಲಿ ಅದರ ನಾಯಕನಾದ ಬಿಳಿಯ ಸಿಂಹದ ಮರಿಗೆ ‘ಕಿಂಬ’ ಎಂದು ಹೆಸರಿಟ್ಟರು. ಕಿಂಬನಿಗೂ 1994ರಲ್ಲಿ ಹುಟ್ಟಿದ ಸಿಂಬನಿಗೂ ಇರುವ ಹೋಲಿಕೆಯ ವಿಷಯವಾಗಿ ನಡೆದ ವಾಗ್ವಾದ ಎಷ್ಟೆಂದರೆ, ಇಲ್ಲಿ ಅದನ್ನು ಮತ್ತೆ ಕೆದಕುವ ಇಚ್ಛೆ ನನಗಿಲ್ಲ. ನನ್ನ ಗಮನವಿರುವುದು ಅವರಿಬ್ಬರ ಭೇದದ ಮೇಲೆ.

ಸಿಂಬನಿಗೆ ಆಹಾರದ ಪ್ರಶ್ನೆಗೆ ಹಾಡಿನ ಪರಿಹಾರವುಂಟು. ಹುಳು ಹುಪ್ಪಟೆಗಳನ್ನು ಚಪ್ಪರಿಸಿ ಒಂದೇ ಗೀತದಲ್ಲಿ ಮರಿಯು ಪ್ರಾಯಕ್ಕೆ ಬಂದುಬಿಡುತ್ತದೆ. ತೆಜುಕಾ ಅವರಿಗೆ ಅಷ್ಟು ಸುಲಭವಾಗಿ ಪಾರಾಗುವ ಮನಸ್ಸಿರಲಿಲ್ಲ. ಎಲ್ಲ ಪ್ರಾಣಿಗಳೂ ಕೂಡಿ ಬಾಳುವ ರಾಜ್ಯವನ್ನು ಕಟ್ಟಹೊರಟ ಸಿಂಹನ ಮುಂದೆ, ಮಾಂಸಾಹಾರಿ ಪ್ರಜೆಗಳ ಹೊಟ್ಟೆಯ ಪ್ರಶ್ನೆ ಬಂದು ನಿಲ್ಲುತ್ತದೆ. ಚಿತ್ರಕಥೆಯ ಕೊನೆಯಲ್ಲಂತೂ, ಹಿಮಪಾತದಲ್ಲಿ ಸಿಕ್ಕಿಬಿದ್ದ ಮನುಷ್ಯ ಮಿತ್ರನು ಬದುಕಿಕೊಳ್ಳಲೆಂದು ಸಿಂಹರಾಜನು ತನ್ನ ದೇಹವನ್ನೇ ಕೊಡುತ್ತಾನೆ. ಮಾಂಸ ಅವನ ಆಹಾರವಾಗುತ್ತದೆ, ತೊಗಲು ಹೊದಿಕೆಯಾಗುತ್ತದೆ.

ಇದನ್ನು ಓದಿದ ಕನ್ನಡಿಗನಿಗೆ ಬೇರೆ ಯಾವ ಕಥೆ ಹೊಳೆದೀತು! ಕೊಟ್ಟ ಮಾತಿಗಾಗಿ ತನ್ನ ಮೈಯನ್ನು ಒಪ್ಪಿಸಲು ಬಂದ ಹಸು, ಅದನ್ನು ತಿನ್ನಲಾರದೆ ಪ್ರಾಣಬಿಟ್ಟ ಹುಲಿ. ನಮ್ಮ ‘ಗೋವಿನ ಹಾಡ’ನ್ನು ಸತ್ಯಸಂಧತೆಯ ಪಾಠವೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ, ಸರಿಯೆ. ಆದರೆ ಅದರ ಕಲಾಸೌಷ್ಠವವಿರುವುದು ಹುಲಿಯ ಕಡೆಯಲ್ಲಿ. ಆ ಕವಿ ಹುಲಿಯನ್ನು ಹುಲ್ಲು ತಿನ್ನಿಸಿ ಬದುಕಿಸಲಿಲ್ಲ. ಹಸಿವು ನಿಜ, ಕರುಣೆಯೂ ನಿಜ. ಎರಡನ್ನೂ ಒಂದೇ ದೇಹದಲ್ಲಿ ಇಟ್ಟರೆ ಆ ದೇಹ ಉಳಿಯದು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹನು ಕನ್ನಡಕ್ಕೆ ತಂದ ‘ಪಂಚತಂತ್ರ’ದಲ್ಲಿಯೂ ನರಿಗಳು ಇಷ್ಟೆಲ್ಲ ರಾಜನೀತಿಯನ್ನು ಆಡುವುದು ಸಿಂಹ ತಿಂದು ಬಿಟ್ಟ ಎಂಜಲಿನ ಆಸೆಯನ್ನು ಬಿಡದೆಯೇ.

ಬುಧವಾರದ ಮೊಟ್ಟೆ

ಈ ಪರಂಪರೆಯ ಇತ್ತೀಚಿನ ವಾರಸುದಾರ ಲೆಗೋಶಿ ಎಂಬ ಬೂದುತೋಳ. ಪಾರು ಇತಾಗಾಕಿ ಎಂಬ ಯುವಲೇಖಕಿ 2016ರಿಂದ 2020ರವರೆಗೆ ವಾರಪತ್ರಿಕೆಯಲ್ಲಿ ಬರೆದು 22 ಸಂಪುಟಗಳಲ್ಲಿ ಮುಗಿಸಿದ ‘ಬೀಸ್ಟಾರ್ಸ್’ ಅವನ ಕಥೆ. ಆರೆಂಜ್ ಎಂಬ ಚಿತ್ರಶಾಲೆ, ಶಿನಿಚಿ ಮತ್ಸುಮಿ ಅವರ ನಿರ್ದೇಶನದಲ್ಲಿ, 2019ರ ಅಕ್ಟೋಬರಿನಿಂದ ಅದನ್ನು ಧಾರಾವಾಹಿಯಾಗಿಸಿತು. ಜಪಾನಿನ ಹೊರಗೆ ನೆಟ್‌ಫ್ಲಿಕ್ಸಿನಲ್ಲಿ ಅದು ಬಂದದ್ದು 2020ರ ಮಾರ್ಚಿಯಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡ ತಿಂಗಳಿನಲ್ಲಿ. ಆ ವರ್ಷ ಜುಲೈಯಿಂದ ಅಕ್ಟೋಬರಿನವರೆಗೆ 112 ದಿನಗಳ ದಿಗ್ಬಂಧವನ್ನು ಅನುಭವಿಸಿದ ಮೆಲ್ಬರ್ನಿನ ಹದಿಹರೆಯದವರಿಗೆ, ಬಯಕೆಯನ್ನು ಕಟ್ಟಿಹಾಕಿಕೊಂಡು ಬದುಕುವ ವಿದ್ಯಾರ್ಥಿಗಳ ಕಥೆ ಹಿಡಿಸಿದ್ದರೆ ಅದು ಆಶ್ಚರ್ಯವಲ್ಲ.

ಚೆರಿಟನ್ ಎಂಬ ವಸತಿಶಾಲೆಯಲ್ಲಿ ತೋಳ, ಹುಲಿ, ಕರಡಿಗಳೂ ಜಿಂಕೆ, ಮೊಲ, ಆಡುಗಳೂ ಒಟ್ಟಿಗೆ ಓದುತ್ತವೆ. ಮಾಂಸ ತಿನ್ನುವುದು ಅಪರಾಧ. ಮೊದಲ ದೃಶ್ಯದಲ್ಲಿಯೇ ಟೆಮ್ ಎಂಬ ಅಲ್ಪಾಕಾ ವಿದ್ಯಾರ್ಥಿ ಕತ್ತಲಲ್ಲಿ ಓಡುತ್ತಾನೆ. ಯಾವುದೋ ಮಾಂಸಾಹಾರಿಯ ಬಾಯಿಗೆ ಬೀಳುತ್ತಾನೆ. ಮರುದಿನದಿಂದ ಶಾಲೆಯ ಪಡಸಾಲೆಗಳಲ್ಲಿ ಎರಡು ಪಂಕ್ತಿಗಳು ಒಂದನ್ನೊಂದು ಬೇರೆ ಕಣ್ಣಿನಿಂದ ನೋಡತೊಡಗುತ್ತವೆ.

ಮೆಲ್ಬರ್ನಿನ ಪಶ್ಚಿಮದ ಬಡಾವಣೆಯೊಂದರ ಕನ್ನಡಿಗರ ಮನೆಯಲ್ಲಿ, ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಜ್ಜಿಯೊಬ್ಬರು ದೊಡ್ಡ ಮೊಮ್ಮಗನ ಪಕ್ಕದಲ್ಲಿ ಕುಳಿತು ಇದನ್ನು ನೋಡಿದ ಪ್ರಸಂಗವನ್ನು ಇಲ್ಲಿ ಹೇಳಬೇಕು. ಕಥೆ ಸ್ವಲ್ಪ ಮುಂದುವರಿಯುತ್ತಲೇ ಅವರು ಕೇಳಿದರಂತೆ:

“ಅಲ್ಲವೋ ಪುಟ್ಟ, ಮಾಂಸ ತಿನ್ನಬಾರದು ಅಂದರೆ ಆ ತೋಳ ಊಟಕ್ಕೆ ಏನು ಮಾಡುತ್ತದೆ?”

“ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಾನೆ ಅಜ್ಜಿ. ಬುಧವಾರದ್ದು ಅವನಿಗೆ ಬಹಳ ಇಷ್ಟ.”

“ಮೊಟ್ಟೆ ಯಾರದ್ದೋ?”

“ಅವನ ಪಕ್ಕದಲ್ಲೇ ಕೂತುಕೊಳ್ಳೋ ಕೋಳಿದು. ಕ್ಲಾಸ್‌ಮೇಟು.”

“ಶಿವ ಶಿವಾ!” ಎಂದ ಅಜ್ಜಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡರಂತೆ.

ಅಜ್ಜಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಲೆಗೋಮ್ ಎಂಬ ಆ ಬಿಳಿಯ ಕೋಳಿ ಹುಡುಗಿ ಶಾಲೆಯ ಕ್ಯಾಂಟೀನಿಗೆ ಮೊಟ್ಟೆ ಮಾರಿ ಸಂಪಾದಿಸುತ್ತಾಳೆ. ತನ್ನ ಮೊಟ್ಟೆಯ ಗುಣ ಕುಂದಬಾರದೆಂದು ಆಹಾರದಲ್ಲಿ ನಿಷ್ಠೆಯಿಂದಿರುತ್ತಾಳೆ. ಪಕ್ಕದ ತೋಳ ತನ್ನ ಮೊಟ್ಟೆಯ ಸ್ಯಾಂಡ್‌ವಿಚ್ಚನ್ನು ಮೆಚ್ಚಿದನೆಂದು ಅವಳ ಕಿವಿಗೆ ಬಿದ್ದಾಗ ಹೆಮ್ಮೆಪಡುತ್ತಾಳೆ. ಮೆಚ್ಚಿದವನಿಗೆ ಅದು ಯಾರದೆಂದು ಗೊತ್ತೇ ಇಲ್ಲ. ಕೆಲವೇ ನಿಮಿಷಗಳ ಉಪಕಥೆಯಿದು. ಆದರೆ ಒಂದು ಸಮಾಜದ ಅರ್ಥವ್ಯವಸ್ಥೆ, ಲಜ್ಜೆ, ವೃತ್ತಿಗೌರವ, ಹಸಿವಿನ ಸೌಮ್ಯವಾದ ರೂಪ, ಎಲ್ಲವೂ ಎರಡು ಬ್ರೆಡ್ಡಿನ ಚೂರುಗಳ ನಡುವೆ ಅಡಕವಾಗಿವೆ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಉತ್ತಮವಾದ ಬರವಣಿಗೆ ನನಗೆ ಕಾಣಲಿಲ್ಲ.

ಹಸಿವಿನ ಘೋರರೂಪವೂ ಇದೆ. ಪಟ್ಟಣದ ಕಪ್ಪುಪೇಟೆಯಲ್ಲಿ ಮಾಂಸ ಬಹಿರಂಗವಾಗಿ ಮಾರಾಟವಾಗುತ್ತದೆ. ಮುದುಕನೊಬ್ಬನು ತನ್ನ ಬೆರಳುಗಳನ್ನೇ ಬೆಲೆಗಿಟ್ಟು ನಿಂತಿರುತ್ತಾನೆ. ಶಾಲೆಯ ನಾಟಕಸಂಘದ ತಾರೆಯೂ ಗರ್ವಿಷ್ಠನೂ ಆದ ಕೆಂಜಿಂಕೆ ಲೂಯಿಯ ಪಾದದಡಿಯಲ್ಲಿ ಒಂದು ಅಂಕಿಯ ಬರೆಯಿದೆ. ಶಿಶುವಾಗಿದ್ದಾಗ ಅವನನ್ನು ಆಹಾರಕ್ಕೆಂದು ಸಾಕಿದ್ದ ಗುರುತು ಅದು. ಎಳೆಯ ಮಕ್ಕಳನ್ನು ಕೂರಿಸಿಕೊಂಡು ನೋಡುವ ಧಾರಾವಾಹಿ ಇದಲ್ಲವೆಂಬುದನ್ನು, ಪ್ರಾಣಿಚಿತ್ರವೆಂದೊಡನೆ ರಿಮೋಟನ್ನು ಮಕ್ಕಳ ಕೈಗಿಡುವ ತಂದೆತಾಯಿಗಳಿಗೆ ಇಲ್ಲಿಯೇ ಹೇಳಿಬಿಡುತ್ತೇನೆ.

ಬಾಕ್ಸ್: ಕೋಳಿಯ ತಲೆಯ ಲೇಖಕಿ
ಪಾರು ಇತಾಗಾಕಿ ಸಾರ್ವಜನಿಕವಾಗಿ ಮುಖ ತೋರಿಸುವುದಿಲ್ಲ. ಸಭೆಗಳಿಗೆ ಬರುವುದು ಕೋಳಿಯ ತಲೆಯ ಮುಖವಾಡ ಧರಿಸಿ. ಮಲ್ಲಯುದ್ಧದ ಚಿತ್ರಕಥೆ ‘ಬಾಕಿ’ಯಿಂದ ಪ್ರಸಿದ್ಧರಾದ ಕೈಸುಕೆ ಇತಾಗಾಕಿ ಅವರ ಮಗಳು ಈಕೆ. 2018ರಲ್ಲಿ ‘ಬೀಸ್ಟಾರ್ಸ್’ಗೆ ದೊರೆತ ಬಹುಮಾನಗಳಲ್ಲಿ ತೆಜುಕಾ ಅವರ ಹೆಸರಿನ ಸಾಂಸ್ಕೃತಿಕ ಪ್ರಶಸ್ತಿಯೂ ಒಂದು.

ಬಗ್ಗಿದ ಬೆನ್ನಿನ ಭಾಷೆ

ಕಥೆ ಹೊಟ್ಟೆಯನ್ನು ಮರೆಯದಿದ್ದರೆ ಸಾಲದು, ಚಿತ್ರ ಮೈಯನ್ನು ಮರೆಯಬಾರದು. ಲೆಗೋಶಿ 185 ಸೆಂಟಿಮೀಟರ್ ಎತ್ತರದ ಹುಡುಗ. ಆದರೆ ಅವನು ನೆಟ್ಟಗೆ ನಿಂತದ್ದನ್ನು ಕಾಣುವುದೇ ಅಪರೂಪ. ಬೆನ್ನು ಗೂನಾಗಿ, ಕೈಗಳು ಜೇಬಿನಲ್ಲಿ, ತಲೆ ಭುಜಗಳ ನಡುವೆ. ತನ್ನ ದೇಹ ಇತರರಿಗೆ ಭಯವೆಂದು ಬಲ್ಲವನು ಆ ದೇಹವನ್ನು ಚಿಕ್ಕದು ಮಾಡಿಕೊಳ್ಳಲು ನಡೆಸುವ ನಿರಂತರ ಪ್ರಯತ್ನ ಅದು. ನಾಟಕಸಂಘದಲ್ಲಿಯೂ ಅವನ ಕೆಲಸ ರಂಗದ ಮೇಲಲ್ಲ, ದೀಪ ಹಿಡಿಯುವುದು.

ಅವನನ್ನು ರಂಗಕ್ಕೆ ತಂದ ಪ್ರಸಂಗವೇ ಈ ಧಾರಾವಾಹಿಯ ಕೈಚಳಕಕ್ಕೆ ನಿದರ್ಶನ. ಲೂಯಿಗೆ ಪೆಟ್ಟಾಗಿ ಅವನ ಪಾತ್ರವನ್ನು ಬಿಲ್ ಎಂಬ ಹುಲಿ ವಹಿಸುತ್ತಾನೆ. ಖಳನ ಪಾತ್ರ ಲೆಗೋಶಿಗೆ ಬರುತ್ತದೆ. ಹುಲಿ ಗುಟ್ಟಾಗಿ ಮೊಲದ ರಕ್ತವನ್ನು ಕುಡಿದು ಬಂದಿದ್ದಾನೆ. ಆ ವಾಸನೆ ತೋಳನ ಮೂಗಿಗೆ ಬಡಿಯುತ್ತದೆ. ಬರೆದ ಸಂಭಾಷಣೆ ಅಲ್ಲಿಗೆ ಮುಗಿಯಿತು; ರಂಗದ ಮೇಲೆ ನಿಜವಾದ ಹೊಡೆದಾಟ ನಡೆಯುತ್ತದೆ, ಹುಲಿಯ ಉಗುರು ತೋಳನ ಬೆನ್ನನ್ನು ಸೀಳುತ್ತದೆ, ಪ್ರೇಕ್ಷಕರು ಅಮೋಘವಾದ ಅಭಿನಯವೆಂದು ಉಸಿರು ಬಿಗಿಹಿಡಿಯುತ್ತಾರೆ. ನಾಟಕದೊಳಗಿನ ಮೃಗವಾವುದು, ಮೃಗದೊಳಗಿನ ನಟನಾವನು ಎಂಬುದನ್ನು ಬಿಡಿಸಿ ಹೇಳದೆ, ತೆರೆಯನ್ನು ಎರಡಾಗಿ ಮೂರಾಗಿ ಸೀಳಿ ಮುಖ, ಉಗುರು, ಸಭಾಂಗಣಗಳನ್ನು ಒಟ್ಟೊಟ್ಟಿಗೆ ತೋರಿಸುವ ವಿಧಾನವನ್ನು ನಿರ್ದೇಶಕರು ಧಾರಾವಾಹಿಯ ಉದ್ದಕ್ಕೂ ಬಳಸಿದ್ದಾರೆ.

ಆರೆಂಜ್ ಸಂಸ್ಥೆಯವರ ಚಿತ್ರಗಳು ಕಾಗದದ ಮೇಲೆ ಬರೆದವಲ್ಲ. ಕಂಪ್ಯೂಟರಿನಲ್ಲಿ ಕೆತ್ತಿದ ಗೊಂಬೆಗಳನ್ನು, ನಟರ ಚಲನೆಯ ನೆರವಿನಿಂದ ಆಡಿಸಿ, ಕೈಬರಹದ ಗೆರೆ ಬಣ್ಣಗಳ ಹೊದಿಕೆ ಹಾಕಿದವು. ಮನುಷ್ಯನ ನಡಿಗೆಯನ್ನು ಇಂಥ ಗೊಂಬೆಗೆ ಇಳಿಸುವುದು ಇಂದು ಸಾಧ್ಯ. ಆದರೆ ಮನುಷ್ಯನಿಗೆ ಬಾಲವಿಲ್ಲ, ತಿರುಗುವ ಕಿವಿಯಿಲ್ಲ, ನೀಳವಾದ ಮೂತಿಯಿಲ್ಲ. ಇವಿಷ್ಟನ್ನು ಚಿತ್ರಕಾರನೇ ನಟಿಸಬೇಕು. ಮುಖವನ್ನು ಕಲ್ಲು ಮಾಡಿಕೊಂಡ ತೋಳನ ಗುಟ್ಟನ್ನು ಬಾಲ ಹೇಳಿಬಿಡುವುದು ಹೀಗೆ. ಲೆಗೋಶಿ ಪ್ರೀತಿಸುವ ಮೊಲದ ಕಣ್ಣುಗಳದು ಬೇರೆ ತೊಡಕು. ಬೇಟೆಗೀಡಾಗುವ ಪ್ರಾಣಿಗಳ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುತ್ತದೆ. ಎದುರು ನಿಂತವನನ್ನು ಎರಡು ಕಣ್ಣಿಂದಲೂ ದಿಟ್ಟಿಸಿ ನೋಡದ ಪ್ರಾಣಿಯನ್ನು ಪ್ರೇಮಕಥೆಯ ನಾಯಕಿಯನ್ನಾಗಿ ಮಾಡುವುದು ಕಷ್ಟವಾದುದರಿಂದ, ಚಿತ್ರಕಾರರು ಆ ಕಣ್ಣುಗಳನ್ನು ಮೆಲ್ಲಗೆ ಮುಂದಕ್ಕೆ ಸರಿಸುವರು.

ಇದೇ ಉಪಾಯವನ್ನು ತಿರುಗುಮುರುಗಾಗಿ ಮಾಡಿದವರು ಸಿಡ್ನಿಯ ಆನಿಮಲ್ ಲಾಜಿಕ್ ಸಂಸ್ಥೆಯವರು. ಜಾರ್ಜ್ ಮಿಲ್ಲರ್ ನಿರ್ದೇಶನದಲ್ಲಿ 2006ರಲ್ಲಿ ಅವರು ಮಾಡಿದ ‘ಹ್ಯಾಪಿ ಫೀಟ್’, ಅತ್ಯುತ್ತಮ ಆನಿಮೇಷನ್ ಚಿತ್ರಕ್ಕೆಂದು ಆಸ್ಕರ್ ಪಡೆಯಿತು. ಅದರ ನಾಯಕನಾದ ಪೆಂಗ್ವಿನ್ ಹಾಡಲಾರನು, ಕುಣಿಯಬಲ್ಲನು. ಆ ಕುಣಿತ ಅಮೆರಿಕದ ಖ್ಯಾತ ನರ್ತಕ ಸೇವಿಯನ್ ಗ್ಲೋವರ್ ಅವರ ಕಾಲುಗಳಿಂದ ಎತ್ತಿಕೊಂಡದ್ದು. ಉದ್ದ ಕಾಲಿನ ಮನುಷ್ಯನ ಹೆಜ್ಜೆಯನ್ನು, ಹೊಟ್ಟೆಯ ಅಡಿಯಲ್ಲಿ ಪಾದ ಮಾತ್ರ ಕಾಣುವ ಹಕ್ಕಿಗೆ ತೊಡಿಸಿದಾಗ ಉಂಟಾದ ಅಸಾಂಗತ್ಯವೇ ಅಲ್ಲಿಯ ಸೊಗಸು. ಆ ಕಥೆಯಲ್ಲಿಯೂ ಮೀನು ಕಡಮೆಯಾಯಿತೆಂಬ ಹಸಿವುಂಟು. ಸಮುದ್ರವನ್ನು ಬರಿದು ಮಾಡಿದವರು ಯಾರೆಂದು ಹುಡುಕುತ್ತ ಪೆಂಗ್ವಿನ್ ಮನುಷ್ಯರ ಊರಿಗೆ ಬರುತ್ತದೆ.

ಬಾಕ್ಸ್: ಮೊಲದ ಅಪಖ್ಯಾತಿ
ಜಪಾನಿನ ಕಥೆಯಲ್ಲಿ ಮೊಲ ನಿರಪರಾಧಿ; ಆಸ್ಟ್ರೇಲಿಯದಲ್ಲಿ ಅದು ಅಪರಾಧಿ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಮೆಲ್ಬರ್ನಿನ ನೈಋತ್ಯದ ಬಾರ್ವನ್ ಪಾರ್ಕಿನಲ್ಲಿ ಬಿಟ್ಟ ಮೊಲಗಳ ಸಂತಾನ ಖಂಡವನ್ನೇ ಮೇಯ್ದುಹಾಕಿತು. ಬೇಲಿ ಕಟ್ಟಿದರು, 1950ರಲ್ಲಿ ರೋಗಾಣುವನ್ನೇ ಹರಡಿದರು. ಇಷ್ಟಾದರೂ 2018ರ ‘ಪೀಟರ್ ರ‍್ಯಾಬಿಟ್’ ಚಿತ್ರದ ಮುದ್ದು ಮೊಲಗಳನ್ನು ಸೃಷ್ಟಿಸಿದ್ದು ಸಿಡ್ನಿಯ ಆನಿಮಲ್ ಲಾಜಿಕ್. ಇಂಗ್ಲೆಂಡಿನ ಹಳ್ಳಿಯ ತೋಟವನ್ನು ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ಕಟ್ಟಿ ಚಿತ್ರೀಕರಿಸಿದರು!

ಕೊಟ್ಟ ಕಾಲು

ಇನ್ನು ಮುಂದಿನದನ್ನು, ‘ಬೀಸ್ಟಾರ್ಸ್’ ನೋಡಬೇಕೆಂದಿರುವವರು ಓದದೆ ಬಿಡಬಹುದು.

2021ರ ಎರಡನೆಯ ಸರಣಿಯ ಕೊನೆಯಲ್ಲಿ, ಅಲ್ಪಾಕಾವನ್ನು ಕೊಂದವನೊಡನೆ ಲೆಗೋಶಿ ಕಾದಾಡುತ್ತಾನೆ. ಮಾಂಸವನ್ನು ತ್ಯಜಿಸಿ ವ್ರತನಿಷ್ಠನಾದ ತೋಳನ ಶಕ್ತಿ, ಮಾಂಸದ ರುಚಿ ಕಂಡ ಕರಡಿಯ ಮುಂದೆ ಸಾಲದಾಗುತ್ತದೆ. ಅಲ್ಲಿಗೆ ಬಂದ ಜಿಂಕೆ ಲೂಯಿ, ಬರೆಯುಳ್ಳ ತನ್ನ ಕಾಲನ್ನು ಮುಂದೆ ಚಾಚಿ, ತಿನ್ನು ಎನ್ನುತ್ತಾನೆ. ತನ್ನನ್ನು ಆಹಾರವೆಂದು ಎಣಿಸಿದ ಲೋಕದ ಗುರುತು ಆ ಪಾದದಡಿ ಇದೆ. ಅದನ್ನು ಕಸಿಯುವವನಿಗಲ್ಲ, ಗೆಳೆಯನಿಗೆ, ತನ್ನ ಇಚ್ಛೆಯಿಂದ ಕೊಟ್ಟು ಅವನು ಅದರಿಂದ ಬಿಡುಗಡೆ ಹೊಂದುತ್ತಾನೆ. ತೆಜುಕಾ ಅವರ ಸಿಂಹ ಕೊಟ್ಟಿತು, ನಮ್ಮ ಹಸು ಕೊಡಬಂದಿತು. ಆದರೆ ಆ ಎರಡು ಕಥೆಗಳಲ್ಲಿಯೂ ದಾನದೊಡನೆ ಅಥವಾ ದಾನದ ನಿರಾಕರಣೆಯೊಡನೆ ಒಬ್ಬರ ಬಾಳು ಮುಗಿಯುತ್ತದೆ. ಇತಾಗಾಕಿ ಇಬ್ಬರನ್ನೂ ಬದುಕಿಸುತ್ತಾಳೆ. ಇಲ್ಲಿ ತಿಂದವನು ಮರುದಿನ ಎದ್ದು ಬಾಳಬೇಕು. ಕೊಟ್ಟವನು ಕುಂಟುತ್ತ ನಡೆಯಬೇಕು. ಆ ಲೋಕದ ಕಾನೂನಿಗೆ ಕೊಟ್ಟವನ ಇಚ್ಛೆ ಸಾಕ್ಷ್ಯವಲ್ಲ. ಲೆಗೋಶಿಯ ಹೆಸರಿನ ಮುಂದೆ ಮಾಂಸಭಕ್ಷಣೆಯ ಅಪರಾಧ ದಾಖಲಾಗುತ್ತದೆ. ಅಂಥ ದಾಖಲೆಯುಳ್ಳವನು ಸಸ್ಯಾಹಾರಿಯನ್ನು ಮದುವೆಯಾಗುವಂತಿಲ್ಲ. ಅವನು ಪ್ರೀತಿಸಿದ್ದಾದರೋ ಹಾರು ಎಂಬ ಬಿಳಿಯ ಮೊಲವನ್ನು. ಶಾಲೆ ಬಿಟ್ಟು ಬಾಡಿಗೆ ಕೋಣೆ ಹಿಡಿದು ಅವನು ನಡೆಸುವ ಜೀವನ 2024ರ ಡಿಸೆಂಬರಿನಲ್ಲಿ ತೊಡಗಿದ ಕೊನೆಯ ಸರಣಿಯ ವಸ್ತು.

ಈ ತೀರ್ಪು ಮೈಸೂರಿನ ಅಜ್ಜಿಗೆ ಒಪ್ಪಿಗೆಯಾಗಲಿಲ್ಲ.

“ಅವನಾಗಿಯೇ ಕೊಟ್ಟನಲ್ಲವೋ, ಇವನದ್ದೇನು ತಪ್ಪು?”

“ಲಾ ಹಾಗಿದೆ ಅಜ್ಜಿ.”

“ಲಾ ಮಾಡಿದವರು ಯಾರು, ತೋಳಗಳೋ ಜಿಂಕೆಗಳೋ?”

ಮೊಮ್ಮಗನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮುಂದಿನ ಕಂತು ನೋಡಿ ಹೇಳುತ್ತೇನೆ ಎಂದನಂತೆ. ಅಜ್ಜಿ, ತಾನೂ ಕೂರುವೆನೆಂದು ಕನ್ನಡಕವನ್ನು ಒರೆಸಿಕೊಂಡರಂತೆ.